ಗಲಾಟೆ ಹೂವಿನ ಮರಿಗಳು

ಕಮ್ಮರಡಿಯಲ್ಲಿ ಕಾಯಿನ್ ಫೋನಿಗೆ ಜನ ಸಾಲು ನಿಲ್ಲುತ್ತಿದ್ದ ಕಾಲ ಅದು. ಆಗ ನಮ್ಮ ಸಾಲುಮನೆಗಳಲ್ಲಿ ಯಾರೂ ಹೂವಿನ ಗಿಡ ಕೊಳ್ಳುತ್ತಿರಲಿಲ್ಲ. ಆಚೆಮನೆಯಿಂದ ಬೀಜವೋ ಗೆಲ್ಲೋ ತಂದು, ಕೈಗುಣ ಇದ್ದವರನ್ನು ಕರೆದು ನೆಡಿಸುತ್ತಿದ್ದರು. ನಮ್ಮ ಸಾಲಿನಲ್ಲಿ ಆ ಕೈ ನನ್ನದು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಊರು ಕೊಟ್ಟ ಮಾರ್ಕ್ಸು ಅದೊಂದೇ.

ಪಕ್ಕದ ಮನೆ ಸರೋಜಕ್ಕ ಕಡೂರು ಕಡೆಯವರು. ಒಮ್ಮೆ ತವರಿಂದ ಬರುವಾಗ ಸೆರಗಿನ ತುದಿಯಲ್ಲಿ ಬೀಜ ಕಟ್ಟಿಕೊಂಡು ಬಂದರು.

"ಎಂತ ಹೂವು ಇದು?"

"ಗಲಾಟೆ ಹೂವು ಮಾರಾಯ. ಅದಕ್ಕೇ ನಿನ್ನನ್ನೇ ಕರೆದಿದ್ದು."

ಅವರ ಅಂಗಳದಲ್ಲಿ ಮಣ್ಣು ಏರಿಸಿ, ಮರಳು ಬೆರೆಸಿ ಬೀಜ ಹಾಕಿದೆ; ನಾಲ್ಕು ಗಿಡ ಎದ್ದವು. ಮಳೆಗಾಲಕ್ಕೆ ಗೊಬ್ಬರದ ಚೀಲ ಬಿಚ್ಚಿ ಚಪ್ಪರ ಕಟ್ಟಿದೆ. ನಡುವೆ ಕೆಂಪು, ಅಂಚಿಗೆ ಹಳದಿ; ಹೂವೆಂದರೆ ಹೂವು. ಎಸಳು ಉದುರಿದ ಮೇಲೆ ಉಳಿಯುವ ಚುಚ್ಚುವ ಉಂಡೆಗಳನ್ನು ನಾವು ಹುಡುಗರು ಒಬ್ಬರ ತಲೆಗೊಬ್ಬರು ಎಸೆಯುತ್ತಿದ್ದೆವು. ಬುಡದಲ್ಲಿ ನಾನು ಒಂದು ಕಳೆ ಏಳಲು ಬಿಟ್ಟವನಲ್ಲ.

ಮೂರನೇ ಮಳೆಗಾಲ ಮುಗಿಯುವಾಗ ನಾಲ್ಕೂ ಗಿಡ ಬುಡ ಕಪ್ಪಾಗಿ ಸತ್ತವು. ಸರೋಜಕ್ಕ ಮುಂದಿನ ವಾರ ಮಲ್ಲಿಗೆ ಗೆಲ್ಲು ಬಂದಾಗ ಮೂಲೆಮನೆ ರಘುವನ್ನು ಕರೆದು ನೆಡಿಸಿದರು.

"ಏನೋ, ನಿನ್ನ ಕೈಗೆ ರಜೆಯಾ?" ಎಂದ ರಘು.

ದೀಪಾವಳಿ ಹೊತ್ತಿಗೆ ಸಗಣಿ ಹಾಕಲು ಹೋದರೆ, ಗೊಬ್ಬರಗುಂಡಿಯ ಏರಿಯ ಮೇಲೆ ಅದೇ ಕೆಂಪು, ಅದೇ ಹಳದಿ. ಸರೋಜಕ್ಕನ ಗಿಡಗಳ ಬುಡದಿಂದ ಕಳೆಯೆಂದು ಕಿತ್ತದ್ದನ್ನು ನಾನು ಎಸೆಯುತ್ತಿದ್ದ ಜಾಗ. ಅದರ ಮೇಲೇ ಬುಟ್ಟಿ ಕವುಚಿಬಿಡೋಣ ಅನ್ನಿಸಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬುಟ್ಟಿ ಕೆಳಗಿಟ್ಟು ಹೋಗಿ ಹೇಳಿದೆ: "ಸರೋಜಕ್ಕ, ನಾನು ಕಿತ್ತಿದ್ದು ಕಳೆಯಲ್ಲ, ಹೂವಿನ ಮರಿ."

ಅವರು ಬಂದು ನೋಡಿದರು. "ಹಂಗಾದ್ರೆ ಕೈಗುಣ ಸರಿಯೇ ಇದೆ. ಕಣ್ಣುಗುಣ ಸರಿಯಿಲ್ಲ," ಎಂದರು. "ಇದು ಬಾಳೋದೇ ಎರಡು ಮೂರು ವರ್ಷ ಕಣೋ. ಮರಿ ಬಿಟ್ಟರೆ ಅಂಗಳ ಬಿಟ್ಟು ಹೋಗಲ್ಲ."

ಮರಿಗಳನ್ನು ನನ್ನ ಕೈಯಲ್ಲೇ ನೆಡಿಸಿದರು. ಅವರು ಇರುವ ತನಕ ಆ ಅಂಗಳದಲ್ಲಿ ಗಲಾಟೆ ತಪ್ಪಲಿಲ್ಲ.

ಈಗ ನಾನು ಅಂಗಳಗಳಿಗೆ ಇಂಟರ್‌ಲಾಕ್ ಇಟ್ಟಿಗೆ ಹಾಕುತ್ತೇನೆ. ಕೊಪ್ಪ, ಶೃಂಗೇರಿಯಿಂದಲೂ ಕರೆಯುತ್ತಾರೆ. ನಾನು ಮಟ್ಟ ಹಿಡಿದ ಅಂಗಳದಲ್ಲಿ ನೀರು ನಿಲ್ಲುವುದಿಲ್ಲ. ಹೋದ ವರ್ಷ ಬೇಸಿಗೆಯಲ್ಲಿ ಸರೋಜಕ್ಕನ ಮಗ ಅಂಗಳ ಮಾಡಿಸಿದ. ಗೋಡೆ ಪಕ್ಕ ಒಂದು ಮೊಳ ಮಣ್ಣು ಬಿಡೋಣವಾ ಅಂದೆ.

"ಕಳೆ ಬರ್ತದೆ ಮಾರಾಯ," ಎಂದ.

ಗೋಡೆಯ ತನಕ ಹಾಕಿದೆ. ಒಳ್ಳೆಯ ಕೆಲಸ. ಎರಡು ಮಳೆಗಾಲ ಕಳೆದರೂ ಸಂದಿಯಲ್ಲಿ ಒಂದು ಮರಿ ಎದ್ದಿಲ್ಲ.