ವಾಲಿಬಾಲಿನ ಬಾಳೆಗೊನೆ

ಕೇಳಿ ಮಾರಾಯ್ರೆ, ಕುಂಬ್ರದ ವಾಲಿಬಾಲ್ ಪಂದ್ಯಕ್ಕೆ ಮೊದಲ ಬಹುಮಾನದ ಬಾಳೆಗೊನೆ ಈ ಸಲ ನಮ್ಮ ಮನೆಯದ್ದು. ಇವತ್ತು ಸಂಜೆ ಕೊನೆಯ ಆಟಕ್ಕೆ ನಿಂತದ್ದು ನಮ್ಮ ಕುಂಬ್ರ ಮತ್ತು ಕಲ್ಲುಗುಂಡಿ. ಕಲ್ಲುಗುಂಡಿಯ ಕಡೆ ಆಡುದು ನನ್ನ ಮಗಳ ಮಗ ಪುರಂದರ!

ಪಕ್ಕದ ಮನೆಯ ಗಿರಿಜ ನನಗೆ ಒತ್ತಿಕೊಂಡೇ ಕೂತಳು. ಅವಳ ಮಗ ಕುಂಬ್ರದ ಕಡೆ.

"ದೊಡ್ಡಮ್ಮ, ಗೊನೆ ಊರು ಬಿಟ್ಟು ಹೋಗ್ಬಾರ್ದು. ನೀವು ಆಚೆಯವರಿಗೆ ಕೈ ತಟ್ಟಿದ್ರೆ ಮತ್ತೆ ನಾನು ನಿಮ್ಮ ಹತ್ರ ಮಾತಾಡುದಿಲ್ಲ."

ಹಿಂದೆ ಕೂತ ಹೆಂಗಸರೆಲ್ಲ ಹೌದು ಹೌದು ಎಂದರು.

ಪುರಂದರ ಹಾರಿ ಒಂದು ಹೊಡೆದ ನೋಡಿ, ನನ್ನ ಕೈ ನನ್ನ ಮಾತು ಕೇಳಲಿಲ್ಲ.

"ಎಂತ ದೊಡ್ಡಮ್ಮ ಅದು?"

"ಸೊಳ್ಳೆ ಮಾರಾಯ್ತಿ."

"ಅವನು ಹೊಡೆದಾಗ ಮಾತ್ರ ಬರುವ ಸೊಳ್ಳೆಯಾ?"

"ನಿನ್ನ ಮಗನೂ ಒಂದು ಹೊಡೆಯಲಿ, ಆಗಲೂ ಬರ್ತದೆ."

ಕಲ್ಲುಗುಂಡಿ ಗೆದ್ದಿತು. ಗಿರಿಜ ಮುಖ ತಿರುಗಿಸಿ ಎದ್ದು ಹೋದಳು. ಅಷ್ಟರಲ್ಲಿ ಪುರಂದರ ಗೊನೆ ಹೆಗಲಿಗೇರಿಸಿ ಬಂದ. "ಅಜ್ಜಿ, ಕೊನೆಯ ಬಸ್ಸು ಹೋಯ್ತು. ನಮಗೆಲ್ಲ ಇವತ್ತು ಊಟ, ನಿದ್ದೆ ನಿಮ್ಮಲ್ಲೇ."

ಗೆದ್ದವರಿಗೆ ಬಡಿಸಿ ಸೋತವರನ್ನು ಹಾಗೇ ಕಳಿಸುದು ಹೇಗೆ? ಕುಂಬ್ರದ ಹುಡುಗರನ್ನೂ ಕರೆದೆ. ಊಟ ಮುಗಿದ ಮೇಲೆ ಎರಡೂ ಕಡೆಯವರು ಜಗಲಿಯಲ್ಲಿ ಗೊನೆಯ ಸುತ್ತ ಕೂತರು. ಗಿರಿಜ ಮಗನನ್ನು ಹುಡುಕಿಕೊಂಡು ಬಂದಳು. ಅವಳ ಕೈಗೂ ಎರಡು ಹಣ್ಣು ಕೊಟ್ಟೆ.

"ನೋಡು, ನಿನ್ನ ಹಟವೇ ಗೆದ್ದದ್ದು. ಗೊನೆ ಊರು ಬಿಡಲಿಲ್ಲ" ಎಂದೆ.

ಹೇಳಿದ ಹಾಗೆಯೇ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಬಾಯಿ ತುಂಬ ಬಾಳೆಹಣ್ಣು ಇದ್ದರೆ ಹೇಗೆ ಮಾತಾಡುದು?