ಮೊಳೆಯಿಲ್ಲದ ಚಪ್ಪಲಿ

ನಮ್ಮ ಮೊಮ್ಮಗಳು ಭವ್ಯ ನಡೆದಳು! ಇವತ್ತು ಬೆಳಿಗ್ಗೆ, ಗೋಡೆ ಬಿಟ್ಟು, ಅವರಮ್ಮನ ಸೆರಗು ಬಿಟ್ಟು, ಆರು ಹೆಜ್ಜೆ. ನಾನು ಆರು ಎಂದರೆ ನನ್ನ ಹೆಂಡತಿ ಮುನಿಯಮ್ಮ ಐದು ಎನ್ನುತ್ತಾಳೆ. ಕಡೆಯದು ಹೆಜ್ಜೆಯಲ್ಲವಂತೆ, ಬಿದ್ದದ್ದಂತೆ. ಬೀಳುವುದಕ್ಕೂ ಒಂದು ಕಾಲು ಮುಂದಿಡಬೇಕಲ್ಲ, ನೀವೇ ಹೇಳಿ. ನಾನು ಆರು ಎಂದೇ ಎಲ್ಲರಿಗೂ ಹೇಳಿದ್ದೇನೆ. ಮುಖ ಕೂಡ ತೊಳೆಯದೆ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನವರೆಗೂ ಓಡಿದೆ. ಅಲ್ಲಿಯ ಎಸ್‌ಟಿಡಿ ಬೂತಿನಿಂದ ಶಿಡ್ಲಘಟ್ಟಕ್ಕೆ, ಅಳಿಯ ಕೆಲಸ ಮಾಡುವ ರೇಷ್ಮೆ ನೂಲಿನ ಕಾರ್ಖಾನೆಗೆ ಫೋನು ಮಾಡಿದೆ. ಅವನು ನನ್ನ ದನಿ ಕೇಳಿದ್ದೇ ತಡ, "ಯಾರು ಹೋದ್ರು ಮಾವ?" ಎಂದ. ಫೋನು ಬಂದರೆ ಸಾವಿನ ಸುದ್ದಿಯೇ ಎಂದುಕೊಂಡಿರುವ ಜನ ನಾವು. "ಯಾರೂ ಹೋಗಿಲ್ಲ ಕಣಪ್ಪ, ನಿನ್ ಮಗಳು ಬಂದ್ಲು, ನಡ್ಕೊಂಡ್ ಬಂದ್ಲು," ಎಂದೆ. "ಸಂಜೆ ಬಸ್ಸಿಗೇ ಬರ್ತೀನಿ ಮಾವ," ಎಂದು ಮೆಷಿನ್ನಿನ ಸದ್ದಿನ ಮೇಲೆ ಕೂಗಿದ.

ಲೋಕದ ಮಕ್ಕಳೆಲ್ಲ ನಡೆಯುತ್ತವೆ, ಇದರಲ್ಲೇನು ವಿಶೇಷ ಎನ್ನಬೇಡಿ. ಭವ್ಯ ಹುಟ್ಟಿದಾಗ ಅವಳ ಎರಡು ಪಾದಗಳೂ ಒಳಕ್ಕೆ ತಿರುಗಿದ್ದವು. ಅಂಗಾಲುಗಳು ಒಂದನ್ನೊಂದು ನೋಡುತ್ತಿದ್ದವು, ಕೈ ಮುಗಿದ ಹಾಗೆ. ನನ್ನ ಮಗಳು ರತ್ನ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಅವಳ ಅತ್ತೆ, ನಮ್ಮ ಬೀಗಿತ್ತಿ, "ಗ್ರಹಣದ ದಿನ ಹೊರಗೆ ಬರಬ್ಯಾಡ ಅಂತ ಬಡ್ಕೊಂಡೆ," ಎಂದರು. ಬಂದವರೆಲ್ಲ ಮಗುವಿನ ಮುಖ ನೋಡಿ, ಮೂಗು ಯಾರದು, ಹಣೆ ಯಾರದು ಎಂದು ಮಾತಾಡಿ, ಬಟ್ಟೆ ಸುತ್ತಿದ ಕೆಳಭಾಗವನ್ನು ಮಾತ್ರ ಬಿಟ್ಟು ಹೋಗುತ್ತಿದ್ದರು. ನಾನು ಆ ಬಟ್ಟೆ ಬಿಚ್ಚಿ ಎರಡೂ ಪಾದಗಳನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಭಯವಾಗಲಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಈ ಧೈರ್ಯ ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಹಿಲ್ಡಮ್ಮನ ವಿಷಯ ಹೇಳಬೇಕು, ನನ್ನ ಒಂದು ತಪ್ಪಿನ ವಿಷಯವನ್ನೂ ಹೇಳಬೇಕು.

ಹಿಲ್ಡಮ್ಮ ಸಮುದ್ರದಾಚೆಯ ಯಾವುದೋ ಚಳಿ ದೇಶದವರು. ಊರಾಚೆಯ ಸಣ್ಣ ಮಿಷನ್ ದವಾಖಾನೆಯಲ್ಲಿ ಕುಷ್ಠ ಬಂದವರ ಕೈಕಾಲು ನೋಡಿಕೊಳ್ಳಲು ಬಂದು ಇಪ್ಪತ್ತೆರಡು ವರ್ಷ ಇದ್ದರು. ಕನ್ನಡ ಕಲಿತದ್ದು ರೋಗಿಗಳಿಂದ. ಹಾಗಾಗಿ ತೆಲುಗೂ ಬೆರೆತಿತ್ತು, ಬೈಗುಳವೂ ಬೆರೆತಿತ್ತು. ಅದು ಬೈಗುಳ ಎಂದು ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಐದು ನಿಮಿಷ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವರು. ನಾನು ದಬ್ಬಳ ಹಿಡಿದುಕೊಂಡು ಸುಮ್ಮನೆ ನಿಲ್ಲುವೆ. "ನಿನ್ನನ್ನೂ ಸೇರಿಸಿಕೊಂಡರಾ?" ಎಂದು ಬೀದಿಯವರು ಕೇಳುತ್ತಿದ್ದರು. ಸೇರಿಸಿಕೊಂಡದ್ದು ಚಪ್ಪಲಿ ಹೊಲಿಯುವ ಕೆಲಸಕ್ಕೆ.

ಈ ಚಪ್ಪಲಿಗಳ ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಆ ರೋಗ ಬಂದವರ ಪಾದಕ್ಕೆ ಸ್ಪರ್ಶವೇ ಇರುವುದಿಲ್ಲ. ಮುಳ್ಳು ಚುಚ್ಚಿದರೂ, ಕೆಂಡ ತುಳಿದರೂ ತಿಳಿಯದು. ಅದಕ್ಕೆ ಮೆತ್ತನೆಯ ರಬ್ಬರಿನ ಅಟ್ಟೆ, ಜಾರಿಹೋಗದಂತೆ ಹಿಂದೊಂದು ಪಟ್ಟಿ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಮೊಳೆ ಹೊಡೆಯಬಾರದು. ಹೊಲಿಗೆ ಮತ್ತು ಅಂಟಿಸುವ ಸೊಲ್ಯೂಷನ್, ಅಷ್ಟೇ. ಮೊದಲ ದಿನವೇ ಹಿಲ್ಡಮ್ಮ ನನ್ನ ಮೊಳೆ ಡಬ್ಬಿಯನ್ನು ಕಿತ್ತುಕೊಂಡು, "ಇದು ನಿಮ್ಮನೇಲಿರ್ಲಿ, ಇಲ್ಲಿಗೆ ತರ್ಬ್ಯಾಡ," ಎಂದಿದ್ದರು.

ಅಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದೆ. ಅಷ್ಟು ವರ್ಷದಲ್ಲಿ ಒಬ್ಬ ರೋಗಿಯ ಪಾದವನ್ನೂ ನಾನು ಮುಟ್ಟಿರಲಿಲ್ಲ. ನರ್ಸಮ್ಮ ಅಳತೆ ತೆಗೆದು ಚೀಟಿ ಕೊಡುವರು. ನಾನು ಹೊಲಿದು ಕಿಟಕಿಯಲ್ಲಿಡುವೆ. ನಮ್ಮಪ್ಪ ಗೌಡರ ಮನೆಗೆ ಮೆಟ್ಟು ಮಾಡಿಕೊಡುತ್ತಿದ್ದಾಗ ಅವರು ಹಳೇ ಮೆಟ್ಟನ್ನು ಅಂಗಳಕ್ಕೆ ಎಸೆಯುತ್ತಿದ್ದರು. ಅದನ್ನು ನೋಡಿ ಅಳತೆ ಹಿಡಿಯಬೇಕಿತ್ತೇ ಹೊರತು ಅವರ ಕಾಲು ಮುಟ್ಟುವ ಹಾಗಿರಲಿಲ್ಲ. ಅದನ್ನು ಕಂಡು ಬೆಳೆದ ನಾನೇ ದೊಡ್ಡವನಾಗಿ ಇನ್ನೊಬ್ಬರ ಕಾಲು ಮುಟ್ಟಲು ಹೇಸುತ್ತಿದ್ದೆ. ಇದು ಆಗ ಹೊಳೆಯಲಿಲ್ಲ. ನಮಗೆ ಮಾಡಿದ್ದು ಮಾತ್ರ ನಮಗೆ ಕಾಣುತ್ತದೆ.

ಹಿಲ್ಡಮ್ಮನಿಗೆ ವಯಸ್ಸಾಯಿತು, ಇನ್ನು ಆರು ವಾರಕ್ಕೆ ಊರಿಗೆ ಹೋಗುತ್ತಾರೆ ಎಂದು ಗೊತ್ತಾಯಿತು. ಚಪ್ಪಲಿ ಕೆಲಸ ಯಾರ ಕೈಗೆ ಎಂಬುದು ನನ್ನ ಚಿಂತೆ. ಓದಿದವನೊಬ್ಬನನ್ನು ಬೇರೆ ಕಡೆಯಿಂದ ಕರೆಸುವುದು ದವಾಖಾನೆಯ ಕಮಿಟಿಯವರ ಆಸೆ. ಕೊನೆಯ ಮಾತು ಹಿಲ್ಡಮ್ಮನದೇ. ಆ ಕೆಲಸ ನನ್ನ ಕೈ ಬಿಟ್ಟು ಹೋಗುತ್ತದೋ ಏನೋ ಎಂದು ನನಗೆ ಅನ್ನ ಸೇರುತ್ತಿರಲಿಲ್ಲ. ಊರವರು ಸನ್ಮಾನ, ಹಾರ, ಭಾಷಣ ಎಂದು ಓಡಾಡುತ್ತಿದ್ದರೆ ಹಿಲ್ಡಮ್ಮ, "ಭಾಷಣ ನೀವು ಮಾಡ್ಕೊಳ್ರಿ, ನಾನು ಕಾಲು ನೋಡ್ಕೊಂಡ್ ಬರ್ತೀನಿ," ಎಂದು ಜೀಪು ಹತ್ತಿದರು. ಚಪ್ಪಲಿ ಪಡೆದವರೆಲ್ಲರ ಮನೆಗೂ ಒಂದು ಸಲ ಹೋಗಬೇಕು, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಎಲ್ಲ ಕಡೆ. "ನೀನೂ ಬಾ. ನೀನ್ ಮಾಡಿದ್ದು ಎಲ್ಲೋಗ್ತದೆ ನೋಡುವಂತೆ," ಎಂದು ನನ್ನನ್ನೂ ಹತ್ತಿಸಿಕೊಂಡರು.

ಅವರು ಮನೆ ಹೊಕ್ಕ ಕೂಡಲೇ ಚಪ್ಪಲಿ ತರಿಸಿ ಅಟ್ಟೆ ತಿರುಗಿಸಿ ನೋಡುವರು. ಸವೆದಿದ್ದರೆ ಸಂತೋಷ, ಹೊಸದಾಗಿದ್ದರೆ ಸಿಟ್ಟು. ಶಿಡ್ಲಘಟ್ಟದಲ್ಲಿ ಹಸೀನಾಬಿ ಎಂಬ ಅಜ್ಜಿ ಟ್ರಂಕಿನ ಬೀಗ ತೆಗೆದು, ಹಳೇ ಓಢಣಿಯ ಗಂಟು ಬಿಚ್ಚಿ, ಒಳಗಿನಿಂದ ಚಪ್ಪಲಿ ತೆಗೆದಳು. ನಾನು ಕೊಟ್ಟಾಗ ಹೇಗಿತ್ತೋ ಹಾಗೇ ಇತ್ತು.

"ಅರೆ ಅಮ್ಮಾ, ಇಷ್ಟು ಚಂದ ಇರೋದನ್ನ ಮಣ್ಣಲ್ಲಿ ತುಳಿಯೋದಾ? ರಂಜಾನ್‌ಗೆ ಅಂತ ಇಟ್ಟಿದೀನಿ."

"ರಂಜಾನ್ ಬಂದಾಗ ಚಪ್ಲಿ ಇರ್ತದೆ ಬಿಡು," ಎಂದರು ಹಿಲ್ಡಮ್ಮ, "ಕಾಲಿರಲ್ಲ."

ಪೆರೇಸಂದ್ರದ ಆಚೆಯ ಒಂದು ಹಳ್ಳಿಯಲ್ಲಿ ಪಾಪಣ್ಣ ಎಂಬುವನಿದ್ದ, ಕುರಿ ಕಾಯುವವನು. ನಡೆದು ನಡೆದು ಅವನ ಚಪ್ಪಲಿಯ ಮುಂದಿನ ಪಟ್ಟಿ ಕಿತ್ತುಹೋಗುತ್ತಿತ್ತು. ಒಂದು ಸಲವಲ್ಲ, ಮೂರು ಸಲ ವಾಪಸು ಬಂದಿತ್ತು. ಮೂರನೆಯ ಸಲ ನನಗೆ ಅವಮಾನವಾಯಿತು. ಹೊಲಿದದ್ದು ನಿಲ್ಲಲಿಲ್ಲ ಎಂದರೆ ನಮ್ಮ ಕಸುಬಿನವರಿಗೆ ಅದಕ್ಕಿಂತ ಕೀಳುಮಾತಿಲ್ಲ. ಹಿಲ್ಡಮ್ಮ ಹೋಗುವುದರೊಳಗೆ ನನ್ನ ಕೆಲಸ ಗಟ್ಟಿ ಎನ್ನಿಸಿಕೊಳ್ಳಬೇಕೆಂಬ ಆಸೆ ಬೇರೆ. ಮನೆಯಿಂದ ಒಂದೇ ಒಂದು ಮೊಳೆ ತಂದು, ಪಟ್ಟಿಯ ಬುಡಕ್ಕೆ ಹೊಡೆದು, ತುದಿ ಮಡಿಸಿ, ಮೇಲೆ ಸೊಲ್ಯೂಷನ್ ಬಳಿದು ಕಳಿಸಿದೆ.

ಪಾಪಣ್ಣ ನಮ್ಮನ್ನು ಕಂಡು ಹಿಗ್ಗಿಹೋದ. ಹಿಲ್ಡಮ್ಮ ಅಟ್ಟೆ ತಿರುಗಿಸಿದರು, ಚೆನ್ನಾಗಿ ಸವೆದಿತ್ತು. ಅವರ ಮುಖ ಅರಳಿತು.

"ಯಾವಾಗ್ಲೂ ಹಾಕ್ಕೊಂತೀಯ ಪಾಪಣ್ಣ?"

"ನೀವ್ ಹೇಳಿದ್ ಮ್ಯಾಕೆ ಬಿಚ್ಚೇ ಇಲ್ಲ ತಲ್ಲಿ. ಗೌಡ್ರ ಬೀದೀಲೂ ಹಾಕ್ಕೊಂಡೇ ಹೋದೆ. ಬೈದ್ರು, ಕಲ್ಲು ಎತ್ಕೊಂಡ್ರು. ನಮ್ ಹಿಲ್ಡಮ್ಮ ಹೇಳವ್ಳೆ, ಬಿಚ್ಚಲ್ಲ ಅಂದೆ." ಆಮೇಲೆ ನನ್ನ ಕಡೆ ತಿರುಗಿ, "ಈ ಸಲ ಕಿತ್ತೇ ಇಲ್ಲ ನೋಡಪ್ಪ, ಭಲೇ ಗಟ್ಟಿ ಮಾಡಿದೀಯ!" ಎಂದ.

ಹಿಲ್ಡಮ್ಮ ಚಪ್ಪಲಿಯೊಳಗೆ ಬೆರಳಾಡಿಸುತ್ತಿದ್ದವರು ತಟ್ಟನೆ ನಿಲ್ಲಿಸಿದರು. ಮಡಿಸಿದ್ದ ಮೊಳೆ ಬಿಚ್ಚಿಕೊಂಡು ತುದಿ ಮೇಲಕ್ಕೆ ಬಂದಿತ್ತು. ಪಾಪಣ್ಣನ ಕಾಲೆತ್ತಿ ನೋಡಿದರು. ಹೆಬ್ಬೆರಳಿನ ಹಿಂದೆ ಹೆಸರುಕಾಳು ಹಿಡಿಸುವಷ್ಟು ತೂತು, ಅದರ ಸುತ್ತ ಕೀವು. ಎಷ್ಟು ದಿನದಿಂದ ಆ ಮೊಳೆಯ ಮೇಲೆ ನಡೆದಿದ್ದನೋ! ಗೌಡರ ಬೀದಿಯನ್ನೂ ಅದರ ಮೇಲೆಯೇ ದಾಟಿದ್ದ. ನನ್ನನ್ನು ನೋಡಿ ಇನ್ನೂ ನಗುತ್ತಲೇ ಇದ್ದ.

ಹಿಲ್ಡಮ್ಮ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ನೀರು ತಗೊಂಡ್ ಬಾ, ತೊಳಿ," ಎಂದರು. ನಾನು ಚೊಂಬಿನಿಂದ, ಎತ್ತರದಿಂದ, ನೀರು ಹೊಯ್ದೆ. "ಹಂಗಲ್ಲ. ಕಾಲು ಹಿಡ್ಕೊ." ನಾನು ಯಾರ ಕಾಲೂ ಮುಟ್ಟುವುದಿಲ್ಲವೆಂದು ಒಂಬತ್ತು ವರ್ಷದಿಂದ ಅವರಿಗೆ ಗೊತ್ತಿತ್ತು ಎಂದು ಆಗ ನನಗೆ ತಿಳಿಯಿತು.

ಕುಕ್ಕರುಗಾಲಲ್ಲಿ ಕುಳಿತು ಹಿಡಿದುಕೊಂಡೆ. ನನಗೆ ನೆನಪಿರುವುದು ಒಂದೇ: ಆ ಪಾದ ಬೆಚ್ಚಗಿತ್ತು. ಸ್ಪರ್ಶವಿಲ್ಲದ್ದು ತಣ್ಣಗಿರುತ್ತದೆ ಎಂದುಕೊಂಡಿದ್ದೆ, ಕಲ್ಲಿನ ಹಾಗೆ. ಅದು ನನ್ನ ಕಾಲಿನಷ್ಟೇ ಬೆಚ್ಚಗಿತ್ತು. ಪಾಪಣ್ಣನೇ ಸಂಕೋಚಪಟ್ಟು ಕಾಲೆಳೆದುಕೊಂಡ. "ಬ್ಯಾಡಪ್ಪ, ನನ್ ಕಾಲ್ ಯಾಕೆ ಹಿಡೀತೀಯ, ನಮ್ಮೋರೇ ಹಿಡಿಯಾಕಿಲ್ಲ." ನಾನು ಬಿಡಲಿಲ್ಲ. ಕೀವು ಹೋಗುವವರೆಗೂ ತೊಳೆದೆ.

ಅವನನ್ನು ಜೀಪಿನಲ್ಲಿ ಕೂರಿಸಿಕೊಂಡೇ ಬಂದೆವು. ಮಾರನೆಯ ಬೆಳಿಗ್ಗೆ ನಾನು ಹಿಲ್ಡಮ್ಮನ ಎದುರು ನಿಂತು, "ನಾಳೆಯಿಂದ ಬರಲ್ಲಮ್ಮ. ಓದಿದೋನೇ ಬರ್ಲಿ," ಎಂದೆ.

"ಬರೋನಿಗೆ ಮೊಳೆ ಹೊಡೀಬ್ಯಾಡ ಅಂತ ನಾನು ಹೇಳ್ಬೋದು," ಎಂದರು ಅವರು. "ನಿಂಗೂ ಹೇಳಿದ್ದೆ. ಅವನೂ ಒಂದು ಕಾಲು ಕೆಡಿಸಿ ಕಲೀಬೇಕು. ಅಷ್ಟೊಂದು ಕಾಲು ನನ್ ಹತ್ರ ಇಲ್ಲ ಕಣಪ್ಪ. ಹೋಗು, ಪಾಪಣ್ಣನ ಗಾಯ ತೊಳಿ."

ಉಳಿದ ಮೂರು ವಾರ ದಿನಾ ಬೆಳಿಗ್ಗೆ ಅವನ ಕಾಲು ನನ್ನ ತೊಡೆಯ ಮೇಲೆ. ತೊಳೆದು, ಒರೆಸಿ, ಪಟ್ಟಿ ಕಟ್ಟುವುದು. ಹಿಲ್ಡಮ್ಮ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂರುವರು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ತಾವಾಗಿ ಮುಟ್ಟದೆ. ಅವರಿಗೆ ಅದು ಬಹಳ ಕಷ್ಟವಾಗುತ್ತಿತ್ತು, ಬೆರಳುಗಳು ಸೆರಗಿನೊಳಗೇ ಆಡುತ್ತಿದ್ದವು. ಹೋಗುವುದರೊಳಗೆ ಗಾಯ ಮುಚ್ಚಿದ್ದನ್ನು ಕಾಣಬೇಕೆಂದು ಅವರಿಗೆ ಆಸೆಯಿತ್ತು, ನನಗೆ ಇನ್ನೂ ಹೆಚ್ಚು. ಗಾಯಕ್ಕೆ ಯಾರ ಊರಿನ ಟಿಕೆಟ್ಟೂ ಗೊತ್ತಿಲ್ಲ. ಹೋಗುವ ಹಿಂದಿನ ದಿನವೂ ಎಳ್ಳಿನಷ್ಟು ಬಾಯಿ ಬಿಟ್ಟುಕೊಂಡಿತ್ತು. "ಉಳಿದಿದ್ದು ನಿಂದು," ಎಂದು ಎದ್ದರು.

ಅವತ್ತು ಸಂಜೆ, ಒಂದು ಜೊತೆ ಚಪ್ಪಲಿ ಮಾಡಿಕೊಡುತ್ತೇನೆ, ಕಾಲಿನ ಅಳತೆ ಕೊಡಿ ಎಂದು ಕೇಳಿದೆ. ಬೂಟು, ಕಾಲುಚೀಲ ಕಳಚಿದರು. ಆ ಬಿಳಿ ಪಾದಗಳ ಹಿಮ್ಮಡಿ ನಮ್ಮ ಮುನಿಯಮ್ಮನ ಹಿಮ್ಮಡಿಯ ಹಾಗೆಯೇ ಬಿರುಕುಬಿಟ್ಟಿತ್ತು. ಇಪ್ಪತ್ತೆರಡು ವರ್ಷ ಊರಿನ ಕಾಲೆಲ್ಲ ನೋಡಿದವರ ಕಾಲನ್ನು ಯಾರೂ ನೋಡಿರಲಿಲ್ಲ. ಕೈಯಲ್ಲಿ ಹಿಡಿದೇ ಅಳೆದೆ.

"ಗಟ್ಟಿಯಾಗಿ ಮಾಡು," ಎಂದರು. "ನಂಗೆ ಮೊಳೆ ಹೊಡೀಬೋದು. ಚುಚ್ಚಿದ್ರೆ ಗೊತ್ತಾಗ್ತದೆ."

ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಮೊಳೆ ಹೊಡೆಯಲಿಲ್ಲ. ಪೂರ್ತಿ ಹೊಲಿಗೆಯದೇ ಕೊಟ್ಟೆ.

ಅವರು ಹೋದ ಹನ್ನೊಂದನೆಯ ದಿನ ಗಾಯ ಮುಚ್ಚಿತು. ದವಾಖಾನೆಯ ಗುಮಾಸ್ತರಿಂದ ಹಿಲ್ಡಮ್ಮನಿಗೆ ಕಾಗದ ಬರೆಸಿದೆ. ಸಂತೋಷ ಎಂದು ಕನ್ನಡದಲ್ಲೇ ಉತ್ತರ ಬಂತು, ಸೊಟ್ಟ ಅಕ್ಷರದಲ್ಲಿ. ವರ್ಷಕ್ಕೊಂದು ಕಾರ್ಡು ಬರುತ್ತಿತ್ತು. ಎರಡು ವರ್ಷದಿಂದ ಬಂದಿಲ್ಲ. ನಾನು ಯಾರನ್ನೂ ಕೇಳಿಲ್ಲ.

ಇಷ್ಟೆಲ್ಲ ಆಗಿದ್ದರಿಂದ ಭವ್ಯಳ ಪಾದ ಕೈಗೆ ಬಂದಾಗ ನಾನು ಗ್ರಹಣದ ಮಾತು ಕೇಳಿಸಿಕೊಳ್ಳಲಿಲ್ಲ. ಅದೂ ಬೆಚ್ಚಗಿತ್ತು, ಅಷ್ಟು ಸಾಕಾಗಿತ್ತು. ಹತ್ತನೆಯ ದಿನಕ್ಕೇ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಎತ್ತಿಕೊಂಡು ಹೋದೆ. ವಾರಕ್ಕೊಂದು ಸಲ ಪಾದವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಪ್ಲಾಸ್ಟರ್ ಹಾಕುವರು. ಬಸ್ಸಿನಲ್ಲಿ ಪಕ್ಕದವರು, "ಅಯ್ಯೋ, ಎಲ್ಲಿ ಬಿದ್ಲು?" ಎಂದು ಕೇಳುವರು, ರತ್ನ ಕಿಟಕಿಯಾಚೆ ನೋಡುವಳು. ಆಮೇಲೆ ವಿಶೇಷ ಬೂಟು ಬೇಕು ಎಂದರು. ನಾನೇ ಮಾಡುತ್ತೇನೆ ಎಂದೆ. ಡಾಕ್ಟರು ನನ್ನ ಪಂಚೆ ನೋಡಿದರು, ಕೈ ನೋಡಿದರು, ಮಾದರಿ ಕೊಟ್ಟರು. ಮೊದಲನೆಯ ಜೊತೆ ಬಿಗಿಯಾಗಿ ಕೆಂಪು ಗೆರೆ ಎದ್ದಿತು. ಬಿಚ್ಚಿ ಮತ್ತೆ ಹೊಲಿದೆ. ನೋವು ಎಲ್ಲಿ ಎಂದು ಹೇಳಲು ಬಾಯಿಲ್ಲದ ಕಾಲು ಅದು, ಪಾಪಣ್ಣನದರ ಹಾಗೆ. ಡಾಕ್ಟರು ಹೇಳಿದ್ದು ಇಷ್ಟೇ: "ನಡೀತಾಳೆ. ಆದ್ರೆ ಹಿಮ್ಮಡಿ ನೆಲಕ್ಕೆ ತಾಗಬೇಕು. ತಾಗದಿದ್ರೆ ಆಪರೇಷನ್ ಮಾಡಬೇಕಾಗ್ತದೆ." ಇವತ್ತು ಬೆಳಿಗ್ಗೆ ಅವಳು ನಡೆದದ್ದು ಬೂಟು ಹಾಕಿಕೊಂಡು. ಒಳಗೆ ಹಿಮ್ಮಡಿ ತಾಗಿತೋ ಇಲ್ಲವೋ, ಯಾರಿಗೆ ಕಂಡೀತು? ಇಡೀ ದಿನ ಹಿಗ್ಗಿನ ಜೊತೆಯಲ್ಲಿ ಇದೊಂದು ನನ್ನನ್ನು ಕೊರೆಯುತ್ತಲೇ ಇತ್ತು. ಮುನಿಯಮ್ಮನಿಗೆ ಹೇಳಲಿಲ್ಲ, ಅವಳು ಒಬ್ಬಟ್ಟಿಗೆ ಬೇಳೆ ಬೇಯಿಸುತ್ತಿದ್ದಳು.

ಸಂಜೆ ಶಿಡ್ಲಘಟ್ಟದ ಬಸ್ಸಿಗೆ ಅಳಿಯ ಬಂದ, ಬೀಗಿತ್ತಿಯೂ ಬಂದರು, ಮೊಮ್ಮಗಳಿಗೆಂದು ಮೊಳ ಕನಕಾಂಬರ ಹಿಡಿದುಕೊಂಡು. ಅವಳಿಗೆ ಮುಡಿಯಲು ಕೂದಲೇ ಇಲ್ಲ. ಎಲ್ಲರೂ ನೆಲದ ಮೇಲೆ ಸಾಲಾಗಿ ಕುಳಿತೆವು. ಬೂಟು ಬಿಚ್ಚಿದ್ದ ಭವ್ಯ ಕೂರಲೊಲ್ಲಳು. ಅಪ್ಪನ ಭುಜ ಹಿಡಿದು, ಅಜ್ಜಿಯ ತಲೆ ಹಿಡಿದು, ಊಟದ ಸಾಲಿನುದ್ದಕ್ಕೂ ಬಂದಳು. ನನ್ನ ಹತ್ತಿರ ಬಂದಾಗ ಹಿಡಿಯಲು ಏನೂ ಸಿಗದೆ, ನೇರವಾಗಿ ನನ್ನ ತಟ್ಟೆಯ ಒಬ್ಬಟ್ಟಿನ ಮೇಲೆ ಕಾಲಿಟ್ಟು ನಿಂತಳು.

"ಅಯ್ಯೋ, ಅನ್ನ ತುಳೀಬಾರ್ದು ಕಣೇ ಅಮ್ಮಯ್ಯ!" ಎಂದು ಮುನಿಯಮ್ಮ ಕೂಗಿಕೊಂಡಳು.

"ಬಿಡ್ರಿ ಬೀಗ್ರೇ, ತುಳೀಲಿ," ಎಂದರು ಬೀಗಿತ್ತಿ.

ರತ್ನ ಮಗುವನ್ನು ಎತ್ತಿಕೊಂಡಳು. ನಾನು ತಟ್ಟೆಯ ಮೇಲೆ ಬಗ್ಗಿದೆ. ಮೆತ್ತನೆಯ ಒಬ್ಬಟ್ಟಿನಲ್ಲಿ ಐದು ಬೆರಳು ಮೂಡಿದ್ದವು. ಅವುಗಳ ಹಿಂದೆ, ಎಲ್ಲಕ್ಕಿಂತ ಆಳವಾಗಿ, ದುಂಡಗೆ, ಹಿಮ್ಮಡಿ.

ಮುನಿಯಮ್ಮ ಬೇರೆ ತಟ್ಟೆ ತಂದಳು. ನಾನು ಬಿಟ್ಟುಕೊಡಲಿಲ್ಲ. "ಇದಕ್ಕೇ ತುಪ್ಪ ಹಾಕು," ಎಂದೆ. ನನ್ನನ್ನು ಒಂದು ಥರ ನೋಡಿ ಹಾಕಿದಳು. ತುಪ್ಪ ಬೆರಳುಗಳಿಂದ ಹರಿದು ಬಂದು ಹಿಮ್ಮಡಿಯ ಗುಳಿಯಲ್ಲಿ ನಿಂತಿತು. "ಆರಿಹೋಗ್ತದೆ, ಉಣ್ರಪ್ಪ," ಎಂದರು ಬೀಗಿತ್ತಿ. ಎಲ್ಲರೂ ಊಟಕ್ಕೆ ಕೈ ಹಾಕಿದೆವು.