ಅಮೀನಾಬಿಯ ಪೇರಲ ಗಿಡ

ಐನಾಪುರದ ಆ ಅಂಗಳದಲ್ಲಿ ಅಂದು ನಾವು ಮೂವರಿದ್ದೆವು: ಬಡಿಗತನ ಮಾಡುತ್ತಿದ್ದ ದಸ್ತಗೀರ ಚಾಚಾ, ಅವರ ಸೊಸೆ ಶಬಾನಾ, ಮತ್ತೆ ಕಾಗವಾಡ ತಾಲೂಕಿನಲ್ಲಿ ತೋಟಗಾರಿಕೆ ಸಹಾಯಕನಾಗಿದ್ದ ನಾನು. ನನ್ನ ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ನಮ್ಮ ನಡುವೆ ಒಂದು ಮುದಿ ಪೇರಲ ಗಿಡ. ಚಾಚಾರ ಹೆಂಡತಿ ಅಮೀನಾಬಿ ಮದುವೆಯಾಗಿ ಬರುವಾಗ ಕೊಗನೊಳ್ಳಿಯ ತವರಿನಿಂದ ತಂದು ನೆಟ್ಟದ್ದು. ಅವರು ತೀರಿಕೊಂಡ ಮೇಲೂ ಅದು ಒಳಗೆ ಕೆಂಪಾದ, ಸಕ್ಕರೆಯಂಥ ಹಣ್ಣು ಕೊಡುತ್ತಿತ್ತು.

ಆ ಜಾಗದಲ್ಲಿ ಶಬಾನಾಳಿಗೆ ಅಡುಗೆಮನೆ ಕಟ್ಟಬೇಕಿತ್ತು. ಅದೇ ಹಣ್ಣಿನ ಬೀಜದಿಂದ ಬೆಳೆಸಿದ ನಾಲ್ಕು ಗಿಡ ಹಿತ್ತಲಲ್ಲಿದ್ದವಲ್ಲ, ಆ ಧೈರ್ಯದ ಮೇಲೆ ಚಾಚಾ ಒಪ್ಪಿದ್ದರು. ಕಡಿಯುವವರು ಮರುದಿನ ಬರುವವರಿದ್ದರು. ಅಷ್ಟರಲ್ಲಿ ಹೊಸ ಗಿಡಗಳ ಮೊದಲ ಹಣ್ಣು ಮಾಗಿದವು. ಒಂದರದು ಹುಳಿ, ಇನ್ನೊಂದರದು ಸಪ್ಪೆ; ಯಾವುದರೊಳಗೂ ಕೆಂಪಿಲ್ಲ. ನನಗೆ ಫೋನ್ ಬಂತು, ಕೂಡಲೇ ಹೋದೆ.

“ಸಾಹೇಬ್ರ, ಕಬ್ಬಿನ ಗಣಿಕಿ ಊರಿದ್ರ ಅದ ಕಬ್ಬು ಬರತೈತಿ. ಇವು ಯಾಕ ಹಿಂಗ ಮಾಡಿದ್ವು?” ಎಂದರು ಚಾಚಾ.

ನಾಲ್ಕು ವರ್ಷದ ಹಿಂದೆ, ಬೀಜ ಹಾಕಿದರೆ ನಡೆಯುತ್ತದೆಯೇ ಎಂದು ಅವರು ಕೇಳಿದಾಗ, ಬೈಕ್ ಮೇಲೆ ಕುಳಿತೇ “ಹಾಕ್ರಿ, ಹುಟ್ಟತಾವ” ಎಂದು ಹೋದವನು ನಾನೇ.

ಕಟ್ಟೆಯ ಮೇಲೆ ಕುಳಿತು ವಿವರಿಸಿದೆ. ಗಿಡ ಬೆಳೆಯುವಾಗ ಅದರ ಜೀವಕೋಶ ಗುಣಗಳನ್ನು ಹೊತ್ತ ತನ್ನ ಇಪ್ಪತ್ತೆರಡು ಕ್ರೋಮೋಸೋಮುಗಳ ನಕಲು ತೆಗೆದು, ತನ್ನಂಥದೇ ಎರಡು ಕೋಶವಾಗುತ್ತದೆ. ಇದು ಮೈಟೋಸಿಸ್. ಕಬ್ಬಿನ ಗಣಿಕೆಯ, ಅಂದರೆ ಊರುವ ತುಂಡಿನ, ಕಣ್ಣು ಚಿಗುರುವುದೂ ಹೀಗೆಯೇ, ಅದಕ್ಕೇ ಅದೇ ಕಬ್ಬು. ಹೂವಿನೊಳಗೆ ನಡೆಯುವುದು ಮಿಯೋಸಿಸ್: ಗುಣಗಳೆಲ್ಲ ಕಲಸಿ, ಹನ್ನೊಂದು ಮಾತ್ರ ಪರಾಗಕ್ಕೆ, ಹನ್ನೊಂದು ಅಂಡಕ್ಕೆ. ಎರಡೂ ಕೂಡಿದಾಗ ಬೀಜ. ಆ ಪರಾಗ ಯಾರ ಹಿತ್ತಲಿಂದ ಬಂದಿತ್ತೋ!

“ಅಂದ್ರ ಇವು ಆಕಿ ಮಕ್ಕಳು. ಆಕಿ ಅಲ್ಲ,” ಎಂದರು ಚಾಚಾ.

ಉಪಾಯವಿತ್ತು, ಗೂಟಿ ಕಟ್ಟುವುದು. ಪೆನ್ಸಿಲ್ ದಪ್ಪದ ಟೊಂಗೆಯ ತೊಗಟೆಯನ್ನು ಉಂಗುರದಂತೆ ಸುಲಿದು, ಒದ್ದೆ ಪಾಚಿ ಸುತ್ತಿ ಪ್ಲಾಸ್ಟಿಕ್ ಬಿಗಿದರೆ ಅಲ್ಲೇ ಬೇರೊಡೆಯುತ್ತದೆ; ಕತ್ತರಿಸಿ ನೆಟ್ಟರೆ ಕಬ್ಬಿನಂತೆ ಅದೇ ಗಿಡ. ಆದರೆ ಅದಕ್ಕೆ ಎರಡು ತಿಂಗಳಾದರೂ ಗಿಡ ನಿಲ್ಲಬೇಕು. ಚಾಚಾ ಸೊಸೆಯ ಮುಖ ನೋಡಲಿಲ್ಲ. ಕೊಟ್ಟ ಮಾತಲ್ಲವೇ.

ಶಬಾನಾಳೇ ಹೇಳಿದಳು: “ಮಳಿಗಾಲ ಮುಗೀಲಿ ಬಿಡ್ರಿ ಮಾಮಾ. ಏಳು ವರ್ಷ ಒಲಿ ಹೊಗಿ ಕುಡದೇನಿ, ಇನ್ನೆರಡು ತಿಂಗಳಾ ಕುಡದ್ರ ಸಾಯಂಗಿಲ್ಲ.”

ಎರಡು ಗೂಟಿ ಕಟ್ಟಿದೆ. ಒಂದು ಒಣಗಿತು, ಒಂದು ಬೇರು ಬಿಟ್ಟಿತು. ಅದನ್ನು ಕತ್ತರಿಸಿ ಹಿತ್ತಲಲ್ಲಿ ನೆಟ್ಟ ಮೇಲೆ ಹಳೆಯ ಗಿಡ ಕಡಿದರು.

ಅಂದಿನಿಂದ ಯಾರೇ ಏನೇ ಕೇಳಲಿ, ಬೈಕ್ ಇಳಿದು, ಅವರು ಉಳಿಸಿಕೊಳ್ಳಬೇಕೆಂದಿರುವುದು ಏನನ್ನು ಎಂದು ಮೊದಲು ಕೇಳುತ್ತಿದ್ದೆ. ಪುಸ್ತಕದಲ್ಲಿ ಓದಿದ್ದನ್ನು ಕೆಲಸ ನನಗೆ ಅರ್ಥ ಮಾಡಿಸಿದ್ದು ಅಲ್ಲಿ.

ನಾನು ನಿವೃತ್ತನಾದ ವರ್ಷ ಹಣ್ಣು ತಿನ್ನಲು ಕರೆ ಬಂತು. ಹೊಸ ಅಡುಗೆಮನೆಯ ಬಾಗಿಲಲ್ಲಿ ಕುಳಿತು ಶಬಾನಾ ಮೊದಲ ಹಣ್ಣು ಕೊಯ್ದಳು. ಒಳಗೆ ಕೆಂಪು. ಚಾಚಾ ಒಂದು ಹೋಳನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡರು. ಆಮೇಲೆ ಬೀಜಗಳನ್ನು ಅಂಗೈಗೆ ತೆಗೆದು ಕೋಳಿಗಳಿಗೆ ಎಸೆದರು.